ಪೆಟ್ಟಿಗೆಯಲ್ಲಿ ಸೋತು ಕಾರಲ್ಲಿ ಗೆದ್ದ ಟ್ಯಾಗ್

ದುಬೈಗೆ ಬಂದವರೆಲ್ಲ ಬುರ್ಜ್ ಖಲೀಫಾ ಕೆಳಗೆ ನಿಂತು ಫೋಟೋ ತೆಗೆಸ್ಕೋತಾರೆ. ಆದ್ರೆ ಈ ಊರಿನ ಅನ್ನದ ಬಟ್ಟಲು ಜೆಬೆಲ್ ಅಲಿ ಅಂತ ನನ್ನ ನಂಬಿಕೆ. 1979ರಲ್ಲಿ ಬಂದರು ಶುರುವಾಯ್ತು, 1985ರಲ್ಲಿ ಪಕ್ಕದಲ್ಲೇ ಫ್ರೀ ಝೋನ್ ಬಂತು. ಇಲ್ಲಿ ಇಳಿಯೋ ಎಷ್ಟೋ ಸರಕು ಇಲ್ಲೇ ಉಳಿಯೋದಿಲ್ಲ. ಗೋದಾಮಿನಲ್ಲಿ ಬಿಚ್ಚಿ, ಬೇರೆ ಮಾಡಿ, ಮತ್ತೆ ಬೇರೆ ದೇಶಕ್ಕೆ ಹತ್ತಿಸ್ತಾರೆ. ಪ್ರತಿ ಹಂತದಲ್ಲೂ ಅದೇ ಪ್ರಶ್ನೆ: ಪೆಟ್ಟಿಗೆ ಎಷ್ಟು? ಕಾಗದದಲ್ಲಿ 100, ನೆಲದ ಮೇಲೆ 98 ಇದ್ರೆ ಬೈಸಿಕೊಳ್ಳೋನು ಗೋದಾಮಿನ ಹುಡುಗ. ಆ ಸೆಕೆಯಲ್ಲಿ ಮತ್ತೆ ಎಣಿಸೋನೂ ಅವನೇ!

ಈ ಎಣಿಕೆಯನ್ನ ರೇಡಿಯೋ ಅಲೆಗೆ ವಹಿಸೋದೇ ಆರ್‌ಎಫ್‌ಐಡಿ. ಇದರ ಬೇರು ಎರಡನೇ ಮಹಾಯುದ್ಧದಲ್ಲಿದೆ. ಬರ್ತಿರೋ ವಿಮಾನ ನಮ್ಮದಾ, ಶತ್ರುವಿನದಾ ಅಂತ ತಿಳಿಯೋಕೆ ಬ್ರಿಟಿಷರು ವಿಮಾನದಲ್ಲಿ ರೇಡಿಯೋ ಸಾಧನ ಇಟ್ಟರು. ಕೆಳಗಿಂದ ಕೇಳಿದ್ರೆ ಅದು ಉತ್ತರ ಕೊಡ್ತಿತ್ತು. 1948ರಲ್ಲಿ ಹ್ಯಾರಿ ಸ್ಟಾಕ್‌ಮನ್, ಪ್ರತಿಫಲಿಸಿದ ಶಕ್ತಿಯಿಂದಲೇ ಸಂದೇಶ ಕಳಿಸಬಹುದು ಅಂತ ಪ್ರಬಂಧ ಬರೆದರು. ಇಂದಿನ ಬ್ಯಾಟರಿ ಇಲ್ಲದ ಟ್ಯಾಗ್‌ನ ಗುಟ್ಟು ಅದೇ. ರೀಡರ್ ಕಳಿಸಿದ ಅಲೆಯಿಂದಲೇ ಜೀವ ತಗೊಂಡು, ತನ್ನ ನಂಬರ್ ಸೇರಿಸಿ ಅದನ್ನ ವಾಪಸ್ ಮಾಡತ್ತೆ. ಬಾರ್‌ಕೋಡ್ ತರ ಒಂದೊಂದೇ ಪೆಟ್ಟಿಗೆ ತಿರುಗಿಸಿ ತೋರಿಸಬೇಕಿಲ್ಲ, ಪ್ಯಾಲೆಟ್ ಬಾಗಿಲು ದಾಟಿದ್ರೆ ಸಾಕು.

2003ರಲ್ಲಿ ಅಮೆರಿಕದ ವಾಲ್‌ಮಾರ್ಟ್ ತನ್ನ 100 ದೊಡ್ಡ ಸರಬರಾಜುದಾರರಿಗೆ, 2005ರ ಜನವರಿಯಿಂದ ಪೆಟ್ಟಿಗೆ, ಪ್ಯಾಲೆಟ್‌ಗಳಿಗೆ ಟ್ಯಾಗ್ ಹಚ್ಚಿ ಅಂತು. ಬಾರ್‌ಕೋಡ್ ಕಥೆ ಮುಗೀತು ಅಂದವರು ಬಹಳ ಜನ. ಮುಗೀಲಿಲ್ಲ ನೋಡಿ. ನೀರು ಅಲೆಯನ್ನ ಹೀರತ್ತೆ, ಲೋಹ ತಿರುಗಿಸಿ ಎಸೆಯತ್ತೆ. ನೀರಿನ ಬಾಟಲಿ, ತುಪ್ಪದ ಡಬ್ಬ ಇದ್ರೆ ಎಣಿಕೆ ತಪ್ತಿತ್ತು. ಅದಕ್ಕಿಂತ ದೊಡ್ಡ ತೊಡಕು ದುಡ್ಡಿನದು. ಟ್ಯಾಗ್ ಖರ್ಚು ಸರಬರಾಜುದಾರನಿಗೆ, ಲಾಭ ಅಂಗಡಿಯವನಿಗೆ! ಮೇಲಾಗಿ ಪೆಟ್ಟಿಗೆ ಒಂದೇ ಪ್ರಯಾಣ ಮಾಡಿ ಕಸ ಸೇರತ್ತೆ, ಜೊತೆಗೆ ಟ್ಯಾಗೂ.

ಅದೇ ಟ್ಯಾಗ್ ದುಬೈನ ರಸ್ತೆಯಲ್ಲಿ ಗೆದ್ದುಬಿಡ್ತು. 2007ರ ಜುಲೈ 1ರಂದು ಸಾಲಿಕ್ ಟೋಲ್ ಶುರುವಾಯ್ತು. ಕಾರು ನಿಲ್ಲಿಸೋ ಹಾಗಿಲ್ಲ. ಗೇಟ್ ಕೆಳಗೆ ಹೋದ್ರೆ ಆಗ 4 ದಿರ್ಹಮ್ ಕಟ್. ಗಾಜಿಗೆ ಅಂಟಿದ ಒಂದೇ ಟ್ಯಾಗ್ ವರ್ಷಗಟ್ಟಲೆ ದುಡಿಯತ್ತೆ, ದಾಟಿದಾಗೆಲ್ಲ ಸಂಪಾದಿಸತ್ತೆ. ನಮ್ಮೂರಿನ ಫಾಸ್ಟ್ಯಾಗ್ ಕೂಡ ಇದೇ ಜಾತಿ. ಆದ್ರೆ ಪಕ್ಕದ ಅಬುಧಾಬಿ 2021ರಲ್ಲಿ ದರ್ಬ್ ಟೋಲ್ ತಂದಾಗ ಟ್ಯಾಗೇ ಬೇಡ ಅಂತು, ಅಲ್ಲಿ ಕ್ಯಾಮೆರಾ ನಂಬರ್ ಪ್ಲೇಟ್ ಓದತ್ತೆ.

ಅಂದ್ರೆ ಈ ಚರಿತ್ರೆ ಹೇಳೋದಿಷ್ಟೇ: ತಂತ್ರಜ್ಞಾನ ಎಷ್ಟು ಚೆಂದ ಅನ್ನೋದಕ್ಕಿಂತ ಟ್ಯಾಗ್ ಎಷ್ಟು ಸಲ ದುಡಿಯತ್ತೆ, ಖರ್ಚು ಯಾರದ್ದು ಅನ್ನೋದು ಮುಖ್ಯ. ಗೋದಾಮಿನಲ್ಲೂ ಮೊದಲು ಹಚ್ಚಬೇಕಾದ್ದು ತಿರುಗಿ ಬರೋ ವಸ್ತುಗಳಿಗೆ: ಪ್ಯಾಲೆಟ್, ಕ್ರೇಟ್, ಹೋಟೆಲ್‌ಗಳಿಂದ ಲಾಂಡ್ರಿಗೆ ಹೋಗಿಬರೋ ಬೆಡ್‌ಶೀಟ್. ಕಳೆದುಹೋದ 2 ಪೆಟ್ಟಿಗೆ ಹುಡುಕೋನು ಮಾತ್ರ ಇನ್ನೂ ಆ ಹುಡುಗನೇ. ಆದ್ರೆ ಯಾವ ಬಾಗಿಲಲ್ಲಿ ಕಮ್ಮಿ ಆಯ್ತು ಅನ್ನೋದಕ್ಕೆ ದಾಖಲೆ ಇದ್ರೆ, ಮಾಡದ ತಪ್ಪಿಗೆ ಬೈಸಿಕೊಳ್ಳೋದಾದ್ರೂ ತಪ್ಪತ್ತೆ. ನನ್ನ ಲೆಕ್ಕದಲ್ಲಿ ಅದು ಸಣ್ಣ ಲಾಭ ಅಲ್ಲ.