ಕಂಠೀರವದ ಸ್ಪೇನ್ ಗುರುಗಳು

ಇಳಕಲ್ಲಿನ ನಮ್ಮ ಮನೆಗೆ ಫುಟ್‌ಬಾಲ್ ಬಂದದ್ದು ಮಗನಿಂದ. ಆಟಗಾರರಿಗಿಂತ ಗೆರೆಯಾಚೆ ನಿಂತು ಕೈಬೀಸುವ ಕೋಚ್‌ಗಳೇ ನನಗೆ ನೆನಪುಳಿದರು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ಎರಡು ಐ-ಲೀಗ್ ಗೆಲ್ಲಿಸಿಕೊಟ್ಟರು. 2016ರಲ್ಲಿ ಬಂದ ಆಲ್ಬರ್ಟ್ ರೋಕಾ ಹಿಂದೆ ಬಾರ್ಸಿಲೋನಾದಲ್ಲಿ ಸಹಾಯಕ ಕೋಚ್ ಆಗಿದ್ದವರು. ಅದೇ ವರ್ಷ ತಂಡ ಎಎಫ್‌ಸಿ ಕಪ್ ಫೈನಲ್ ಮುಟ್ಟಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಹೋಗಿರಲಿಲ್ಲ. 2018ರಲ್ಲಿ ಅವರು ಹೊರಟಾಗ ಅವರ ಸಹಾಯಕ ಕಾರ್ಲೆಸ್ ಕ್ವಾದ್ರಾತ್ ಅದೇ ಆಟ ಮುಂದುವರಿಸಿದರು. ನಮ್ಮ ನೇಕಾರರು ಸೀರೆಯ ಒಡಲಿಗೆ ಸೆರಗು ಕೂಡಿಸುತ್ತಾರಲ್ಲ, ಹಾಗೆ. 2019ರಲ್ಲಿ ಐಎಸ್‌ಎಲ್ ಕಪ್ ಬಂತು. ಸಾಲಾಗಿ ಮೂರು ಸೋಲು, 2021ರ ಜನವರಿಯಲ್ಲಿ ಕ್ವಾದ್ರಾತ್ ಹೊರಟರು.

“ಕಪ್ ತಂದಾವ್ರನ್ನ ಹಿಂಗ ಕಳಸ್ತಾರೇನಬೇ?” ಅಂದ ಮಗ. ನಾನು ರೊಟ್ಟಿ ಬಡಿಯುತ್ತಲೇ ಇದ್ದೆ.

2023ರ ಡಿಸೆಂಬರಿನಲ್ಲಿ ಮತ್ತೊಬ್ಬ ಸ್ಪೇನಿನವರು, ಜೆರಾರ್ಡ್ ಸರಗೋಸಾ, ಬಂದರು. ಈ ಸಲ ಅವನು ಏನೂ ಕೇಳಲಿಲ್ಲ.