ಶಾಲೆಯಲ್ಲಿ ಮೈಂಡ್‌ಫುಲ್‌ನೆಸ್: ಮೊದಲ ಪಾಠ ಶಿಕ್ಷಕರಿಗಿರಲಿ

ಮಾರ್ಚ್ ಸಮೀಪಿಸಿತೆಂದರೆ ಪ್ರೌಢಶಾಲೆಗಳ ವಾತಾವರಣವೇ ಬದಲಾಗುತ್ತದೆ. ಮಕ್ಕಳಿಗೆ ಬೆಳಗಿನ ವಿಶೇಷ ತರಗತಿ, ಸಂಜೆಯ ಟ್ಯೂಷನ್, ಮನೆಯಲ್ಲಿ ಅಂಕಗಳ ಲೆಕ್ಕಾಚಾರ. ಶಿಕ್ಷಕರಿಗೆ ಮುಗಿಯದ ಪಾಠ, ತಿದ್ದಬೇಕಾದ ಉತ್ತರ ಪತ್ರಿಕೆಗಳ ಕಟ್ಟು, ಫಲಿತಾಂಶ ಕುಸಿದರೆ ನೀಡಬೇಕಾದ ಸಮಜಾಯಿಷಿ. ಒತ್ತಡ ಎರಡೂ ಕಡೆ ಇದೆ. ಆದರೆ ಪರಿಹಾರದ ಮಾತು ಬಂದಾಗ ಮಕ್ಕಳನ್ನು ಸಾಲಾಗಿ ಕೂರಿಸಿ ಕಣ್ಣು ಮುಚ್ಚಿಸುವುದೇ ಮೊದಲು ಹೊಳೆಯುತ್ತದೆ. ಎದುರು ನಿಂತ ಶಿಕ್ಷಕರ ಮನಃಸ್ಥಿತಿಯನ್ನು ವಿಚಾರಿಸುವವರು ಕಡಿಮೆ.

ಎನ್‌ಸಿಇಆರ್‌ಟಿ 2022ರ ಜನವರಿಯಿಂದ ಮಾರ್ಚ್‌ವರೆಗೆ ದೇಶದಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ 3.79 ಲಕ್ಷ ವಿದ್ಯಾರ್ಥಿಗಳು ಪಾಲ್ಗೊಂಡಿದ್ದರು. ಶೇ. 81ರಷ್ಟು ಮಂದಿ ತಮ್ಮ ಆತಂಕಕ್ಕೆ ಓದು, ಪರೀಕ್ಷೆ ಹಾಗೂ ಫಲಿತಾಂಶವೇ ಕಾರಣವೆಂದು ಹೇಳಿದ್ದರು. ಒತ್ತಡ ನಿಭಾಯಿಸಲು ಅವರು ಹೆಚ್ಚಾಗಿ ಅನುಸರಿಸುತ್ತಿದ್ದ ಉಪಾಯಗಳಲ್ಲಿ ಯೋಗ ಮತ್ತು ಧ್ಯಾನವೂ ಸೇರಿದ್ದವು. ಈ ಹಿನ್ನೆಲೆಯಲ್ಲಿ ಶಾಲೆಗಳಲ್ಲಿ ಪದೇ ಪದೇ ಕೇಳಿಬರುತ್ತಿರುವ ಹೆಸರು ‘ಮೈಂಡ್‌ಫುಲ್‌ನೆಸ್’. ಇದು ಏನು, ಯಾರಿಗೆ ಎಷ್ಟು ಉಪಯುಕ್ತ, ಇದರ ಮಿತಿ ಯಾವುದು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಏನಿದು ಮೈಂಡ್‌ಫುಲ್‌ನೆಸ್?

ಸದ್ಯದ ಕ್ಷಣದಲ್ಲಿ ದೇಹ ಮತ್ತು ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಒಳ್ಳೆಯದು, ಕೆಟ್ಟದ್ದು ಎಂದು ತೀರ್ಪು ನೀಡದೆ ಗಮನಿಸುವ ಅಭ್ಯಾಸವೇ ಮೈಂಡ್‌ಫುಲ್‌ನೆಸ್. ಕನ್ನಡದಲ್ಲಿ ಇದನ್ನು ಸಾವಧಾನತೆ ಎಂದೂ ಕರೆಯುವುದುಂಟು. ಇದರ ಬೇರು ಬೌದ್ಧ ಪರಂಪರೆಯ ‘ಸತಿ’ ಎಂಬ ಪಾಲಿ ಪದದಲ್ಲಿದೆ; ಸಂಸ್ಕೃತದಲ್ಲಿ ಅದು ‘ಸ್ಮೃತಿ’. ನೆನಪು ಮತ್ತು ಎಚ್ಚರ ಎರಡೂ ಅರ್ಥಗಳು ಅದರಲ್ಲಿ ಅಡಗಿವೆ.

ಇದಕ್ಕೆ ಧರ್ಮನಿರಪೇಕ್ಷ, ವೈದ್ಯಕೀಯ ರೂಪ ನೀಡಿದವರು ಅಮೆರಿಕದ ಜಾನ್ ಕಬಾಟ್-ಜಿನ್. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಅವರು ಒತ್ತಡ ನಿವಾರಣಾ ಕೇಂದ್ರವೊಂದನ್ನು ಆರಂಭಿಸಿದರು. ದೀರ್ಘಕಾಲದ ನೋವು, ಕಾಯಿಲೆಗಳಿಂದ ಬಳಲುತ್ತಿದ್ದವರಿಗಾಗಿ ಅಲ್ಲಿ ರೂಪುಗೊಂಡ ಎಂಟು ವಾರಗಳ ಶಿಬಿರದಲ್ಲಿ ಉಸಿರಾಟದ ಗಮನ, ದೇಹದ ಒಂದೊಂದೇ ಭಾಗದತ್ತ ಲಕ್ಷ್ಯ ಹರಿಸುವುದು ಹಾಗೂ ಸರಳ ಯೋಗಾಸನಗಳಿದ್ದವು. ನಂತರ ಖಿನ್ನತೆ ಮರುಕಳಿಸದಂತೆ ತಡೆಯಲು ಇದೇ ತಳಹದಿಯ ಮೇಲೆ ಮತ್ತೊಂದು ಚಿಕಿತ್ಸಾ ಕ್ರಮ ಬೆಳೆಯಿತು. ಹೀಗೆ ವಯಸ್ಕರ ಆರೋಗ್ಯಕ್ಕಾಗಿ ಹುಟ್ಟಿದ ವಿಧಾನ ಮಕ್ಕಳ ತರಗತಿಗೆ ಬಂದದ್ದು ತಡವಾಗಿ.

ತರಗತಿಗೆ ಬಂದ ಬಗೆ

ಬ್ರಿಟನ್ನಿನಲ್ಲಿ 2009ರಲ್ಲಿ ಆರಂಭವಾದ ‘ಮೈಂಡ್‌ಫುಲ್‌ನೆಸ್ ಇನ್ ಸ್ಕೂಲ್ಸ್ ಪ್ರಾಜೆಕ್ಟ್’ ಪ್ರೌಢಶಾಲಾ ಮಕ್ಕಳಿಗಾಗಿ ‘ಡಾಟ್ ಬಿ’ ಎಂಬ ಹೆಸರಿನ ಪಠ್ಯವನ್ನು ಸಿದ್ಧಪಡಿಸಿತು. ಭಾರತದಲ್ಲಿ ದೆಹಲಿ ಸರ್ಕಾರ 2018ರ ಜುಲೈನಲ್ಲಿ ದಲೈ ಲಾಮಾ ಅವರ ಸಮ್ಮುಖದಲ್ಲಿ ‘ಹ್ಯಾಪಿನೆಸ್ ಪಠ್ಯಕ್ರಮ’ಕ್ಕೆ ಚಾಲನೆ ನೀಡಿತು. ನರ್ಸರಿಯಿಂದ ಎಂಟನೇ ತರಗತಿವರೆಗಿನ ಮಕ್ಕಳಿಗಾಗಿ ರೂಪಿಸಿದ್ದ ಈ ಅವಧಿಯಲ್ಲಿ ಮೈಂಡ್‌ಫುಲ್‌ನೆಸ್ ಅಭ್ಯಾಸ, ಕಥೆ ಮತ್ತು ಚಟುವಟಿಕೆಗಳಿದ್ದವು. ಅಂಕವಾಗಲಿ, ಪರೀಕ್ಷೆಯಾಗಲಿ ಇರಲಿಲ್ಲ.

ದೊಡ್ಡ ಪ್ರಯೋಗ ಹೇಳಿದ್ದೇನು?

ಈ ವಿಧಾನದ ಪರಿಣಾಮವನ್ನು ಒರೆಗೆ ಹಚ್ಚಿದ ಬಹುದೊಡ್ಡ ಪ್ರಯೋಗ ನಡೆದದ್ದು ಬ್ರಿಟನ್ನಿನಲ್ಲಿ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ, ವೆಲ್‌ಕಮ್ ಸಂಸ್ಥೆಯ ಧನಸಹಾಯದಿಂದ ನಡೆದ ‘ಮಿರಿಯಡ್’ ಅಧ್ಯಯನದಲ್ಲಿ 85 ಶಾಲೆಗಳ ಎಂಟು ಸಾವಿರಕ್ಕೂ ಅಧಿಕ ವಿದ್ಯಾರ್ಥಿಗಳು ಒಳಗೊಂಡಿದ್ದರು. ಬಹುತೇಕರು 11ರಿಂದ 13 ವರ್ಷದವರು. ಶಾಲೆಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನಲ್ಲಿ ಮೈಂಡ್‌ಫುಲ್‌ನೆಸ್‌ನ ಹತ್ತು ಪಾಠಗಳನ್ನು ಕಲಿಸಲಾಯಿತು. ಇನ್ನೊಂದರಲ್ಲಿ ಭಾವನೆ, ನಡವಳಿಕೆಗಳ ಕುರಿತ ಎಂದಿನ ಬೋಧನೆ ಮುಂದುವರಿಯಿತು.

2022ರ ಜುಲೈನಲ್ಲಿ ಪ್ರಕಟವಾದ ಫಲಿತಾಂಶ ಹಲವರ ನಿರೀಕ್ಷೆಯನ್ನು ಹುಸಿಗೊಳಿಸಿತು. ಖಿನ್ನತೆಯ ಅಪಾಯ, ಭಾವನಾತ್ಮಕ ನಡವಳಿಕೆ, ಯೋಗಕ್ಷೇಮ ಈ ಮೂರರಲ್ಲೂ ಮೈಂಡ್‌ಫುಲ್‌ನೆಸ್ ಕಲಿತ ಮಕ್ಕಳು ಇತರರಿಗಿಂತ ಉತ್ತಮವಾಗಿದ್ದಾರೆ ಎನ್ನಲು ಆಧಾರ ಸಿಗಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಮೊದಲೇ ಮಾನಸಿಕ ಸಮಸ್ಯೆಯ ಲಕ್ಷಣಗಳಿರುವ ಮಕ್ಕಳಿಗೆ ಇದು ಹೊಂದದೇ ಇರಬಹುದು ಎಂಬ ಎಚ್ಚರಿಕೆಯನ್ನೂ ಸಂಶೋಧಕರು ನೀಡಿದರು. ಕಣ್ಣು ಮುಚ್ಚಿ ಕುಳಿತಾಗ ನೆಮ್ಮದಿಯ ಬದಲು ಕಾಡುವ ಯೋಚನೆಗಳೇ ಮೇಲೇಳುವುದುಂಟು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಶಿಕ್ಷಕರಿಗೆ ಒದಗಿದ ಲಾಭ

ಇದೇ ಅಧ್ಯಯನದ ಇನ್ನೊಂದು ಮುಖ ಅಷ್ಟಾಗಿ ಸುದ್ದಿಯಾಗಲಿಲ್ಲ. ಪಾಠ ಹೇಳುವ ಮುನ್ನ ಶಿಕ್ಷಕರು ಸ್ವತಃ ಎಂಟು ವಾರಗಳ ಕಾಲ ಮೈಂಡ್‌ಫುಲ್‌ನೆಸ್ ಕಲಿತಿದ್ದರು. ತರಬೇತಿಯ ನಂತರ ಅವರಲ್ಲಿ ವೃತ್ತಿಜನ್ಯ ಬಳಲಿಕೆ ಕಡಿಮೆಯಾದದ್ದು ಕಂಡುಬಂತು. ಶಾಲೆಯ ಒಟ್ಟಾರೆ ವಾತಾವರಣವೂ ಸುಧಾರಿಸಿತ್ತು. ಒಂದು ವರ್ಷ ಕಳೆಯುವಷ್ಟರಲ್ಲಿ ಈ ಲಾಭಗಳಲ್ಲಿ ಹೆಚ್ಚಿನವು ಮಾಸಿದವಾದರೂ, ಶಾಲೆಯಲ್ಲಿ ಪರಸ್ಪರ ಗೌರವದ ವಾತಾವರಣ ಮಾತ್ರ ಉಳಿದುಕೊಂಡಿತು.

ನ್ಯೂಯಾರ್ಕ್ ನಗರದ 36 ಪ್ರಾಥಮಿಕ ಶಾಲೆಗಳ 224 ಶಿಕ್ಷಕರ ನಡುವೆ ನಡೆದ ‘ಕೇರ್’ ಎಂಬ ತರಬೇತಿಯ ಅಧ್ಯಯನವೂ ಇದೇ ದಿಕ್ಕನ್ನು ತೋರುತ್ತದೆ. 2017ರಲ್ಲಿ ಪ್ರಕಟವಾದ ಇದರ ಪ್ರಕಾರ, ತರಬೇತಿ ಪಡೆದ ಶಿಕ್ಷಕರ ಮಾನಸಿಕ ತಳಮಳ ಇಳಿದಿತ್ತು. ತರಗತಿಯಲ್ಲಿ ಮಕ್ಕಳೊಂದಿಗಿನ ಅವರ ಭಾವನಾತ್ಮಕ ಒಡನಾಟ ಸುಧಾರಿಸಿತ್ತು.

ಈ ಎರಡನ್ನೂ ಜೊತೆಗಿಟ್ಟು ನೋಡಿದರೆ ಒಂದು ಅಂಶ ಸ್ಪಷ್ಟ. ಮಗುವಿಗೆ ಹತ್ತು ಪಾಠ ಹೇಳುವುದಕ್ಕಿಂತ, ಆ ಮಗುವಿನ ಎದುರು ದಿನವೂ ನಿಲ್ಲುವ ವ್ಯಕ್ತಿಯ ದಣಿವನ್ನು ಇಳಿಸುವುದು ಹೆಚ್ಚು ಫಲಕಾರಿಯಾಗಬಹುದು. ತಪ್ಪು ಉತ್ತರ ಬಂದಾಗ ಸಿಡುಕುವ ಬದಲು ಒಂದು ಕ್ಷಣ ತಡೆಯಬಲ್ಲ ಶಿಕ್ಷಕರಿದ್ದರೆ ಹಿಂದಿನ ಬೆಂಚಿನ ಮಗುವೂ ಕೈ ಎತ್ತುವ ಧೈರ್ಯ ತೋರುತ್ತದೆ.

ಅಭ್ಯಾಸ ಹೇಗೆ?

ಇದಕ್ಕೆ ಖರ್ಚಿಲ್ಲ, ಸಲಕರಣೆ ಬೇಕಿಲ್ಲ. ಶಾಲೆಯ ದಿನಚರಿಯೊಳಗೇ ಮಾಡಬಹುದಾದ ಕೆಲವು ಸರಳ ಅಭ್ಯಾಸಗಳು ಹೀಗಿವೆ:

* ತರಗತಿಗೆ ಕಾಲಿಡುವ ಮುನ್ನ ಬಾಗಿಲ ಬಳಿ ನಿಂತು ಮೂರು ಬಾರಿ ನಿಧಾನವಾಗಿ ಉಸಿರಾಡುವುದು. ಗಾಳಿ ಒಳಬರುವುದನ್ನು, ಹೊರಹೋಗುವುದನ್ನು ಗಮನಿಸುವುದಷ್ಟೇ ಕೆಲಸ.
* ಕುರ್ಚಿಯಲ್ಲಿ ಕುಳಿತು ಎರಡೂ ಪಾದಗಳು ನೆಲ ಮುಟ್ಟಿರುವುದನ್ನು ಗಮನಿಸುವುದು. ಪರೀಕ್ಷಾ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ವಿದ್ಯಾರ್ಥಿಗಳಿಗೂ ಇದು ನೆರವಾಗಬಲ್ಲದು.
* ಮಧ್ಯಾಹ್ನದ ಊಟದ ಮೊದಲ ಕೆಲವು ತುತ್ತುಗಳನ್ನು ಮಾತಿಲ್ಲದೆ, ರುಚಿ ಗಮನಿಸುತ್ತ ಸೇವಿಸುವುದು.
* ಗಂಟೆ ಬಾರಿಸಿದಾಗ ಅದರ ನಾದ ಪೂರ್ತಿ ಅಡಗುವವರೆಗೆ ಆಲಿಸುವುದು. ಚಿಕ್ಕ ಮಕ್ಕಳಿಗೆ ಇದು ಆಟದಂತೆಯೂ ಇರುತ್ತದೆ.

ಮನಸ್ಸು ಬೇರೆಡೆ ಹರಿದರೆ ಅದು ಸೋಲಲ್ಲ. ಹರಿದದ್ದನ್ನು ಅರಿತು ಮರಳಿ ತರುವುದೇ ಅಭ್ಯಾಸ. ಕಣ್ಣು ಮುಚ್ಚಲೇಬೇಕೆಂಬ ನಿಯಮವಿಲ್ಲ. ಯಾರನ್ನೂ ಬಲವಂತಪಡಿಸಬಾರದು, ಶಿಸ್ತಿನ ಶಿಕ್ಷೆಯಾಗಿ ಇದನ್ನು ಬಳಸಲೇಬಾರದು. ಮಗುವಿಗೆ ಹಿಂಸೆ ಎನಿಸಿದರೆ ಅಲ್ಲಿಗೇ ನಿಲ್ಲಿಸುವುದು ಒಳಿತು.

ಹೊರೆ ಇಳಿಯದೆ ಉಸಿರು ಸಾಲದು

ಮೈಂಡ್‌ಫುಲ್‌ನೆಸ್ ಒತ್ತಡದ ಕಾರಣವನ್ನು ತೆಗೆದುಹಾಕುವುದಿಲ್ಲ. ಶಿಕ್ಷಕರಿಗೆ ಬೋಧನೆಯ ಜೊತೆಗೆ ದಾಖಲೆ, ವರದಿ, ಆನ್‌ಲೈನ್ ಮಾಹಿತಿ ಭರ್ತಿ, ಬಿಸಿಯೂಟದ ಲೆಕ್ಕದಂತಹ ಕೆಲಸಗಳೂ ಇವೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಹೊರತುಪಡಿಸಿ ಶಿಕ್ಷಕರನ್ನು ಬೋಧನೇತರ ಕೆಲಸಗಳಿಗೆ ನಿಯೋಜಿಸಬಾರದೆನ್ನುತ್ತದೆ. ಹೊರೆಯನ್ನು ಹಾಗೆಯೇ ಬಿಟ್ಟು ‘ಉಸಿರಾಟ ಗಮನಿಸಿ’ ಎಂದರೆ, ಒತ್ತಡಕ್ಕೆ ಬಳಲಿದವರನ್ನೇ ಹೊಣೆ ಮಾಡಿದಂತಾಗುತ್ತದೆ. ಅಂಕಗಳಿಗಾಗಿ ಮಕ್ಕಳ ಆಟ, ನಿದ್ರೆ ಕಸಿಯುವ ಶಾಲೆ ಮತ್ತು ಮನೆಗಳಿಗೂ ಇದೇ ಮಾತು ಅನ್ವಯ.

ನೆರವು ಎಲ್ಲಿ?

ನಿದ್ರೆ, ಊಟ ಕೆಟ್ಟಿದ್ದರೆ, ಮಗು ಒಂಟಿಯಾಗಿ ಉಳಿಯತೊಡಗಿದ್ದರೆ, ಬದುಕು ಸಾಕೆಂಬ ಮಾತು ಬಂದರೆ ಧ್ಯಾನವನ್ನು ನೆಚ್ಚಿ ಕೂರದೆ ತಜ್ಞರ ನೆರವು ಪಡೆಯಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದಾರೆ ಎಂಬುದು ವಿಷಯದ ಗಾಂಭೀರ್ಯವನ್ನು ಸೂಚಿಸುತ್ತದೆ.

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮನಸ್’ ಉಚಿತ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಲಭ್ಯವಿರುವ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ಸಂಸ್ಥೆಯಾಗಿದ್ದು, ಕನ್ನಡದಲ್ಲಿಯೂ ಮಾತನಾಡಬಹುದು. ವಿದ್ಯಾರ್ಥಿ, ಶಿಕ್ಷಕ, ಪಾಲಕ ಯಾರು ಬೇಕಾದರೂ ಕರೆ ಮಾಡಬಹುದಾಗಿದೆ.

ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನೀಡಿದ ಮಾರ್ಗಸೂಚಿಗಳಲ್ಲಿ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ಹೊಂದಿರಬೇಕೆಂದು ಹೇಳಿದೆ. ಬೋಧಕ ಮತ್ತು ಬೋಧಕೇತರ ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ಮಾನಸಿಕ ಆರೋಗ್ಯದ ತರಬೇತಿ ನೀಡಬೇಕೆಂದೂ ಸೂಚಿಸಿದೆ. ತಮ್ಮ ಮಕ್ಕಳ ಶಾಲೆಯಲ್ಲಿ ಇವೆರಡೂ ಜಾರಿಯಾಗಿವೆಯೇ ಎಂದು ಮುಂದಿನ ಪಾಲಕರ ಸಭೆಯಲ್ಲಿ ಕೇಳುವುದು ಪ್ರತಿ ತಂದೆ ತಾಯಿಯ ಹಕ್ಕು.