ಹಂಪಿಯ ಸುತ್ತಮುತ್ತ: ಒಂದು ಪ್ರವಾಸ, ನಾಲ್ಕು ಊರು



ಶಾಲಾ ಪ್ರವಾಸವೆಂದರೆ ನಿಮ್ಮಲ್ಲಿ ಅನೇಕರಿಗೆ ಮೊದಲು ನೆನಪಾಗುವ ಹೆಸರು ಹಂಪಿ. ಬೆಳಗಿನ ಜಾವಕ್ಕೆ ಬಸ್ಸು ಹೊಸಪೇಟೆ ಮುಟ್ಟುತ್ತದೆ. ವಿರೂಪಾಕ್ಷನ ದರ್ಶನ, ಸಾಸಿವೆಕಾಳು ಗಣಪ, ಉಗ್ರನರಸಿಂಹ, ಕಮಲಮಹಲು, ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ಒಂದು ಗುಂಪು ಫೋಟೋ, ಸಂಜೆಗೆ ತುಂಗಭದ್ರಾ ಅಣೆಕಟ್ಟು. ಅಲ್ಲಿಗೆ ಪ್ರವಾಸ ಮುಗಿಯುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹೀಗೆ ನೋಡಿದವರಿಗೆ ಹಂಪಿಯು 1336ರಲ್ಲಿ ಒಮ್ಮೆಲೇ ಹುಟ್ಟಿ, 1565ರಲ್ಲಿ ಒಮ್ಮೆಲೇ ಸತ್ತ ಊರಿನಂತೆ ಕಾಣುತ್ತದೆ. ಇತಿಹಾಸ ಹಾಗೆ ನಡೆಯುವುದಿಲ್ಲ. ಹಂಪಿಗೆ ಹಿಂದಿನ ಕಥೆಯೂ ಉಂಟು, ಮುಂದಿನ ಕಥೆಯೂ ಉಂಟು. ಅವೆರಡನ್ನೂ ಓದಬೇಕಾದರೆ ಕಂಪ್ಲಿ, ಹೊಸಪೇಟೆ ಮತ್ತು ಸಂಡೂರುಗಳನ್ನೂ ನೋಡಬೇಕು.

ಮೊದಲು ಕಂಪ್ಲಿಗೆ ಹೋಗೋಣ. ತುಂಗಭದ್ರೆಯ ದಂಡೆಯ ಈ ಊರು ಬತ್ತ, ಬಾಳೆ, ಕಬ್ಬಿಗೆ ಹೆಸರಾದದ್ದು. ಪ್ರವಾಸಿ ಬಸ್ಸುಗಳು ಇಲ್ಲಿ ನಿಲ್ಲುವುದು ಅಪರೂಪ. ಆದರೆ 14ನೆಯ ಶತಮಾನದ ಆರಂಭದಲ್ಲಿ ಇಡೀ ದಕ್ಷಿಣ ಭಾರತದ ಗಮನ ಕಂಪಿಲರಾಯನ ಈ ರಾಜ್ಯದ ಮೇಲಿತ್ತು. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆಯೆದ್ದ ಆತನ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ಓಡಿಬಂದು ಆಶ್ರಯ ಬೇಡಿದಾಗ ಕಂಪಿಲರಾಯ ಕೊಟ್ಟನು. ಬಂದವನು ತನ್ನ ಕುಲದವನಲ್ಲ, ತನ್ನ ಧರ್ಮದವನಲ್ಲ. ಆದರೂ ಶರಣು ಬಂದವನನ್ನು ಒಪ್ಪಿಸಲಿಲ್ಲ. ಅದರ ಬೆಲೆಯಾಗಿ 1327ರ ಸುಮಾರಿಗೆ ರಾಜ್ಯವೂ ಹೋಯಿತು, ರಾಜನ ಪ್ರಾಣವೂ ಹೋಯಿತು. ಆಫ್ರಿಕದ ಪ್ರವಾಸಿ ಇಬ್ನ್ ಬತೂತ ಈ ಸಂಗತಿಯನ್ನು ತನ್ನ ಬರವಣಿಗೆಯಲ್ಲಿ ದಾಖಲಿಸಿದ್ದಾನೆ. ಕಂಪಿಲನ ಮಗ ಕುಮಾರರಾಮನನ್ನು ನಮ್ಮ ಜನ ಹಾಡಿನಲ್ಲಿ, ಕಥೆಯಲ್ಲಿ ಉಳಿಸಿಕೊಂಡರು. ಕಂಪ್ಲಿ ಬಿದ್ದು ಹತ್ತು ವರ್ಷ ಕಳೆಯುವುದರೊಳಗೆ ಅದೇ ನದಿಯ ದಂಡೆಯಲ್ಲಿ ವಿಜಯನಗರ ತಲೆಯೆತ್ತಿತು. ಸಂಗಮ ಸಹೋದರರ ಮೂಲದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೆ ಕಂಪ್ಲಿಯ ಪತನದಿಂದ ಉಂಟಾದ ತೆರವಿನಲ್ಲಿಯೇ ಹೊಸ ರಾಜ್ಯಕ್ಕೆ ಎಡೆ ಸಿಕ್ಕಿತೆಂಬುದನ್ನು ಮರೆಯುವಂತಿಲ್ಲ.

ಇನ್ನು ಹೊಸಪೇಟೆ. ಇದನ್ನು ನಾವು ಬಸ್ಸು, ರೈಲು ಇಳಿಯುವ ಊರೆಂದಷ್ಟೇ ಬಲ್ಲೆವು. ಇದು ಕೃಷ್ಣದೇವರಾಯನು ಕಟ್ಟಿಸಿದ ಊರು. ನಾಗಲಾದೇವಿಯ ಹೆಸರಿನಲ್ಲಿ ಇದಕ್ಕೆ ನಾಗಲಾಪುರವೆಂದು ಹೆಸರಿತ್ತು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ರಾಯನು ಇಲ್ಲಿ ದೊಡ್ಡ ಕೆರೆಯೊಂದನ್ನು ಕಟ್ಟಿಸುತ್ತಿದ್ದುದನ್ನು ಕಣ್ಣಾರೆ ಕಂಡನು. ಹದಿನೈದು ಇಪ್ಪತ್ತು ಸಾವಿರ ಆಳುಗಳು ಇರುವೆಗಳಂತೆ ದುಡಿಯುತ್ತಿದ್ದರೆಂದು ಬರೆದಿದ್ದಾನೆ. ನಮ್ಮ ಪಠ್ಯಪುಸ್ತಕಗಳಲ್ಲಿ ಅವನು ವರ್ಣಿಸಿದ ರಾಯನ ವೈಭವ, ಮಹಾನವಮಿಯ ಸಡಗರ ಬರುತ್ತವೆ. ಆ ಆಳುಗಳು ಬರುವುದು ಕಡಿಮೆ. ವಿಜಯನಗರದ ಕಾಲುವೆಗಳಲ್ಲಿ ಕೆಲವು ಇಂದಿಗೂ ಹಂಪಿಯ ಬಾಳೆತೋಟಗಳಿಗೆ ನೀರುಣಿಸುತ್ತಿವೆ. ಅರಮನೆ ಹಾಳಾಯಿತು, ಕಾಲುವೆ ಉಳಿಯಿತು. ಏಕೆಂದರೆ ರೈತನಿಗೆ ಅದು ಪ್ರತಿದಿನವೂ ಬೇಕಾಗಿತ್ತು. 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಅಣೆಕಟ್ಟು ಈ ಪರಂಪರೆಯ ಮುಂದುವರಿಕೆ. ಅದಕ್ಕಾಗಿ ಮುಳುಗಿದ ಹಳ್ಳಿಗಳಿವೆಯೆಂಬುದನ್ನೂ ನೆನೆಯಬೇಕು. 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ನೀರಿನ ಕಟ್ಟಡವೆಂದರೆ ಬರಿಯ ನೋಟದ ವಸ್ತುವಲ್ಲವೆಂಬುದು ಎಲ್ಲರಿಗೂ ಅರಿವಾಯಿತು.

ಸಂಡೂರಿನ ದಾರಿ ಬೇರೆ. ಇಲ್ಲಿಯ ಬೆಟ್ಟದ ಮೇಲಿನ ಪಾರ್ವತಿ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು. ಅಂದರೆ ವಿಜಯನಗರಕ್ಕಿಂತ ಹಲವು ಶತಮಾನ ಹಿರಿಯದು. ಪಕ್ಕದಲ್ಲಿಯೇ ಕುಮಾರಸ್ವಾಮಿ ದೇವಾಲಯವಿದೆ. ಸಂಡೂರು ಘೋರ್ಪಡೆ ಮನೆತನದ ಆಳ್ವಿಕೆಯ ಪುಟ್ಟ ಸಂಸ್ಥಾನವಾಗಿದ್ದಾಗ, 1932ರಲ್ಲಿ, ಈ ದೇವಾಲಯದ ಬಾಗಿಲನ್ನು ದಲಿತರಿಗೆ ತೆರೆಯಲಾಯಿತು. ಪ್ರಸಿದ್ಧವಾದ ತಿರುವಾಂಕೂರಿನ ದೇವಾಲಯ ಪ್ರವೇಶ ಘೋಷಣೆ 1936ರದು ಎಂಬುದನ್ನು ಗಮನಿಸಿ. 1934ರಲ್ಲಿ ಸಂಡೂರಿಗೆ ಬಂದ ಗಾಂಧೀಜಿಯವರು ಈ ಕ್ರಮವನ್ನು ಮೆಚ್ಚಿಕೊಂಡರು. ಮಳೆಗಾಲ ಕಳೆದ ಮೇಲೆ ಸಂಡೂರಿನ ಕಣಿವೆ ಹಸಿರಾಗಿ ನಿಮ್ಮನ್ನು ಸೆಳೆಯುತ್ತದೆ. ಆದರೆ ಅದೇ ಬೆಟ್ಟಗಳ ಕೆಂಪು ಅದಿರು ಅವಕ್ಕೆ ಮುಳುವೂ ಆಯಿತು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಹಿಡಿಯಬೇಕಾಯಿತು. ಅನಂತರ ಅದು ಮಿತಿಗಳೊಡನೆ ಮತ್ತೆ ಆರಂಭವಾಯಿತು. ಇಲ್ಲಿಯ ಲಂಬಾಣಿ ಮಹಿಳೆಯರ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಪ್ರವಾಸದಿಂದ ಸ್ಥಳೀಯರ ಕೈಗೆ ಕೆಲಸ, ಕಲೆಗೆ ಬೆಲೆ ಸಿಗುವ ಒಂದು ದಾರಿ ಇದು.

ಈಗ ಮತ್ತೆ ಹಂಪಿಗೆ ಬರೋಣ. ನೋಡಲು ಬಂದವರಿಂದಲೇ ಹಂಪಿಯ ಬಗ್ಗೆ ನಮಗೆ ಎಷ್ಟೋ ಸಂಗತಿಗಳು ತಿಳಿದಿವೆ. 1443ರಲ್ಲಿ ಪರ್ಶಿಯದ ಅಬ್ದುಲ್ ರಜಾಕ್ ಬಂದನು. 1799ರಲ್ಲಿ ಕಾಲಿನ್ ಮೆಕೆಂಜಿ ಹಾಳೂರಿನ ನಕ್ಷೆ ಸಿದ್ಧಪಡಿಸಿದನು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಕಾಗದದ ನೆಗೆಟಿವ್‌ಗಳ ಮೇಲೆ ಛಾಯಾಚಿತ್ರ ತೆಗೆದನು. ಆತನ ಚಿತ್ರದಲ್ಲಿ ಕಲ್ಲಿನ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿದೆ. ಇಂದಿನ 50 ರೂಪಾಯಿಯ ನೋಟು ತೆಗೆದು ನೋಡಿ. ಆ ಗೋಪುರ ಇಲ್ಲ. 1565ರ ಅನಂತರವೂ ಹಂಪಿ ಬದಲಾಗುತ್ತಲೇ ಬಂದಿದೆಯೆಂಬುದಕ್ಕೆ ಇದಕ್ಕಿಂತ ಸುಲಭವಾದ ಸಾಕ್ಷಿ ಬೇಕೆ?

1986ರಲ್ಲಿ ಯುನೆಸ್ಕೋ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆನೆಗೊಂದಿಯ ಕಡೆಗೆ ಹೊಸ ಸೇತುವೆ ಕಟ್ಟತೊಡಗಿದ ಕಾರಣ 1999ರಲ್ಲಿ ಹಂಪಿ ಅಪಾಯದ ಪಟ್ಟಿಗೂ ಸೇರಿ, 2006ರಲ್ಲಿ ಹೊರಬಂದಿತು. ಆ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿದ್ದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಹೊಳೆಯ ಆಚೆಯ ಜನರಿಗೆ ಸೇತುವೆ ಅಗತ್ಯವಾಗಿತ್ತು. ಸ್ಮಾರಕಗಳಿಗೂ ರಕ್ಷಣೆ ಬೇಕಾಗಿತ್ತು. 2011ರಲ್ಲಿ ವಿರೂಪಾಕ್ಷನ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ, ಖಾನಾವಳಿ ಮಾಡಿಕೊಂಡಿದ್ದ ನೂರಾರು ಕುಟುಂಬಗಳನ್ನು ತೆರವುಗೊಳಿಸಲಾಯಿತು. ಮಂಟಪಗಳ ಕಲ್ಲು ಉಳಿಯಬೇಕೆಂಬುದು ಕಾನೂನಿನ ಮಾತು. ಆ ಬೀದಿ ಹುಟ್ಟಿದ್ದೇ ವ್ಯಾಪಾರಕ್ಕಾಗಿ, ಜನವಿಲ್ಲದ ಬಜಾರು ಬಜಾರೇ ಅಲ್ಲ ಎಂಬುದು ಇನ್ನೊಂದು ಮಾತು. ನೀವು ಯಾವ ಪಕ್ಷದವರಾದರೂ ಸರಿ, ಇನ್ನೊಂದು ಪಕ್ಷದ ಮಾತನ್ನೂ ಪೂರ್ತಿ ಕೇಳಿಸಿಕೊಂಡು ತೀರ್ಮಾನಕ್ಕೆ ಬನ್ನಿ. ಇತಿಹಾಸದ ವಿದ್ಯಾರ್ಥಿಗೆ ಇದು ಮೊದಲ ಪಾಠ.

ನೋಡಲು ಬಂದವರಿಂದ ಕೇಡೂ ಆಗಿದೆ. 2019ರಲ್ಲಿ ಕೆಲವು ಯುವಕರು ಇಲ್ಲಿಯ ದೇವಾಲಯವೊಂದರ ಕಂಬವನ್ನು ಮೋಜಿಗಾಗಿ ಉರುಳಿಸಿದರು. ನ್ಯಾಯಾಲಯ ದಂಡ ವಿಧಿಸಿ, ಅದೇ ಕಂಬವನ್ನು ಅವರ ಕೈಯಿಂದಲೇ ಮತ್ತೆ ನಿಲ್ಲಿಸುವಂತೆ ಮಾಡಿತು. ವಿಠ್ಠಲ ದೇವಾಲಯದ ಸಪ್ತಸ್ವರ ಕಂಬಗಳನ್ನು ಎಲ್ಲರೂ ಬಡಿದು ನೋಡಿ ನೋಡಿಯೇ ಅವುಗಳನ್ನು ಮುಟ್ಟದಂತೆ ತಡೆಯಬೇಕಾಯಿತು.

2021ರಿಂದ ಹೊಸಪೇಟೆ, ಹಂಪಿಗಳು ವಿಜಯನಗರ ಜಿಲ್ಲೆಗೆ ಸೇರಿದರೆ, ಕಂಪ್ಲಿ, ಸಂಡೂರುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿವೆ. ಆಡಳಿತಕ್ಕೆ ಗಡಿ ಬೇಕು. ನಿಮ್ಮ ಪ್ರವಾಸಕ್ಕೆ ಬೇಕಾಗಿಲ್ಲ. ಕಂಪ್ಲಿಯಾಗಲಿ ಸಂಡೂರಾಗಲಿ ಹೊಸಪೇಟೆಯಿಂದ ಸುಮಾರು 30 ಕಿಲೋಮೀಟರು ಅಷ್ಟೆ. ಮುಂದಿನ ಬಾರಿ ಪ್ರವಾಸದ ಪಟ್ಟಿ ಮಾಡುವಾಗ ಇನ್ನೊಂದು ದಿನ ಕೊಡಿರೆಂದು ನಿಮ್ಮ ಅಧ್ಯಾಪಕರನ್ನು ಕೇಳಿ. ಹರಿಗೋಲು ನಡೆಸುವವರನ್ನು, ಬಾಳೆತೋಟದವರನ್ನು, ಕಸೂತಿ ಹಾಕುವವರನ್ನು ಮಾತನಾಡಿಸಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ. ಪಾಯೆಸ್ ಕೂಡ ಕಂಡದ್ದನ್ನು, ಕೇಳಿದ್ದನ್ನು ಬರೆದಿಟ್ಟ ಒಬ್ಬ ಪ್ರವಾಸಿಯೇ ಆಗಿದ್ದನು.